ಐದು ಗಂಡು, ಏಳು ಹೆಣ್ಣು: ಒಂದು ಗೌಜುಗದ ಗೂಡು ಮೂರು ಮನೆಯಾದ ಲೆಕ್ಕ

ಸ್ಥಳ ಕಲಬುರಗಿ, ಕೆಲಸ ನಡೆದದ್ದು ಜನವರಿಯಿಂದ ಮೇ ತನಕ. ಹಕ್ಕಿ ಹನ್ನೆರಡು, ಎಲ್ಲವೂ ಜಪಾನಿ ಗೌಜುಗ. ಅಂಗಡಿಯವರು ಕ್ವೇಲ್ ಅಂತಾರೆ, ಮಾರ್ಕೆಟ್‌ನಲ್ಲಿ ಬಟೇರ್ ಅಂದರೆ ಬೇಗ ತಿಳಿಯುತ್ತದೆ. ಹೊಲದಲ್ಲಿ ಕಾಲ ಬುಡದಿಂದ ಭುರ್ ಅಂತ ಏಳುವ ಬುರ್ಲಿ ಬೇರೆ. ಅದನ್ನು ಬಲೆ ಹಾಕಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿರುವುದೆಲ್ಲ ಮರಿ ಮಾಡಿಸಿ ಮಾರುವವರಿಂದ ತಂದ ಸಾಕು ತಳಿಯ ಮಾತು.

ಮಾಂಸಕ್ಕಾಗಿ ಸಾಕುವವರ ಲೆಕ್ಕ ಬೇರೆ ಇರುತ್ತದೆ. ಅವರು ಇಕ್ಕಟ್ಟಾದ ಪಂಜರ, ಮಂದ ಬೆಳಕು, ಐದಾರು ವಾರಕ್ಕೆ ಮಾರಾಟ ಅಂತ ಮುಗಿಸುತ್ತಾರೆ. ಮನೆಯಲ್ಲಿ ಎರಡು ಮೂರು ವರ್ಷ ಒಟ್ಟಿಗೆ ಬಾಳಿಸಬೇಕು ಅಂದರೆ ಜಗಳವೇ ಮೊದಲ ಸಮಸ್ಯೆ. ಕೆಳಗಿನದು ಆ ಜಗಳ ನಿಲ್ಲಿಸಲು ಮಾಡಿದ್ದು, ಕೆಡಿಸಿದ್ದು, ಮತ್ತೆ ಮಾಡಿದ್ದು.

ಜನವರಿ 10. ಹಕ್ಕಿ ಬಂದದ್ದು

ವಯಸ್ಸು ನಾಲ್ಕು ವಾರ. ಮಾರಿದವರ ಮಾತು: "ಎಲ್ಲಾ ಹೆಣ್ಣೇ ಅವ ನೋಡ್ರಿ, ಚಿಂತಿ ಮಾಡಬ್ಯಾಡ್ರಿ." ಮನೆಗೆ ತಂದು ಎದೆ ನೋಡಿದಾಗ ಲೆಕ್ಕ ಬೇರೆಯೇ ಇತ್ತು. ಕಂದು ಬಣ್ಣದ ತಳಿಯಲ್ಲಿ ಮೂರು ವಾರ ದಾಟಿದರೆ ಎದೆಯ ಗರಿಯೇ ಹೇಳುತ್ತದೆ. ಗಂಡಿಗೆ ಎದೆ ಚುಕ್ಕೆಯಿಲ್ಲದ ಇಟ್ಟಿಗೆ ಕೆಂಪು, ಹೆಣ್ಣಿಗೆ ಬೂದು ಎದೆಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ. ಎಂಟು ಕಂದು ಹಕ್ಕಿಯಲ್ಲಿ ಐದು ಚುಕ್ಕೆಯವು, ಮೂರು ಕೆಂಪು ಎದೆಯವು. ಉಳಿದ ನಾಲ್ಕು ಬಿಳಿ. ಬಿಳಿ ತಳಿಯಲ್ಲಿ ಗರಿ ನೋಡಿ ಏನೂ ತಿಳಿಯುವುದಿಲ್ಲ, ಆರೇಳು ವಾರ ಕಾಯಬೇಕು.

ಮೊದಲ ತಪ್ಪು ಅಂದೇ ಆಯಿತು. ಮೂರು ಗಂಡು ಅಂತ ಕಣ್ಣಿಗೆ ಕಂಡರೂ ಹನ್ನೆರಡನ್ನೂ ಹಳೆಯ 4 × 2 ಅಡಿ ಗೂಡಿಗೇ ಬಿಟ್ಟದ್ದು. "ಚಿಕ್ಕವು, ಒಟ್ಟಿಗೇ ಬೆಳೆದಿವೆ, ಹೊಂದಿಕೊಳ್ಳುತ್ತವೆ" ಅನ್ನುವುದು ಆರನೇ ವಾರದ ತನಕ ಮಾತ್ರ ನಿಜ.

ಜನವರಿ 24. ಮೊದಲ ರಕ್ತ

ಆರನೇ ವಾರ. ಬೆಳಿಗ್ಗೆ ನಾಲ್ಕಕ್ಕೇ ಗಂಡುಗಳ ಕೂಗು ಶುರು. ಬಿಳಿ ಹಕ್ಕಿಗಳನ್ನು ಒಂದೊಂದಾಗಿ ಕೈಯಲ್ಲಿ ಮಲಗಿಸಿ ಬಾಲ ಎತ್ತಿ ನೋಡಿದ್ದಾಯಿತು. ಪ್ರಾಯಕ್ಕೆ ಬಂದ ಗಂಡಿಗೆ ಗುದದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಇರುತ್ತದೆ, ಮೆಲ್ಲಗೆ ಒತ್ತಿದರೆ ಶೇವಿಂಗ್ ಕ್ರೀಮಿನಂಥ ಬಿಳಿ ನೊರೆ ಬರುತ್ತದೆ. ನಾಲ್ಕರಲ್ಲಿ ಎರಡಕ್ಕೆ ನೊರೆ ಬಂತು. ಒಟ್ಟು ಐದು ಗಂಡು, ಏಳು ಹೆಣ್ಣು. ಒಂದು ಗಂಡಿಗೆ ಕನಿಷ್ಠ ಮೂರು, ನೆಮ್ಮದಿಗೆ ನಾಲ್ಕೈದು ಹೆಣ್ಣು ಬೇಕಾದಲ್ಲಿ ಒಂದೂವರೆಯೂ ಇರಲಿಲ್ಲ.

ಸಂಜೆಗೆ ಎರಡು ಹಕ್ಕಿಗೆ ಗಾಯ. ಇಲ್ಲಿ ಒಂದು ಸೂಕ್ಷ್ಮ ಇದೆ, ಹಲವರು ಇದನ್ನೇ ತಪ್ಪು ತಿಳಿಯುತ್ತಾರೆ. ಗೌಜುಗದ ನೆತ್ತಿ ಗಾಯಕ್ಕೆ ಎರಡು ಕಾರಣ. ಬೆದರಿದಾಗ ಇದು ಓಡುವುದಿಲ್ಲ, ನಿಂತಲ್ಲಿಂದ ಬುಗ್ಗೆಯಂತೆ ನೇರ ಮೇಲಕ್ಕೆ ಹಾರುತ್ತದೆ. ಮೇಲೆ ಗಟ್ಟಿ ಜಾಳಿ ಇದ್ದರೆ ತಲೆ ಹೋಗಿ ಬಡಿಯುತ್ತದೆ. ಆ ಗಾಯ ಕೊಕ್ಕಿನ ಮೇಲೆ, ಹಣೆಯ ಕಡೆ ಇರುತ್ತದೆ, ಚರ್ಮ ಒಂದೇ ಕಡೆ ತರಚಿರುತ್ತದೆ. ಇನ್ನೊಂದು ಹಕ್ಕಿ ಕುಕ್ಕಿದ್ದಾದರೆ ಗಾಯ ತಲೆಯ ಹಿಂಭಾಗದಲ್ಲಿ, ಕುತ್ತಿಗೆ ಕಡೆ. ಸುತ್ತ ಗರಿ ಕಿತ್ತು ಬೋಳಾಗಿರುತ್ತದೆ. ಅಂದು ಸಿಕ್ಕ ಎರಡರಲ್ಲಿ ಒಂದು ಹಣೆಯದು, ಒಂದು ಹಿಂದಲೆಯದು. ಎರಡನ್ನೂ "ಜಗಳ" ಅಂತ ಒಂದೇ ಲೆಕ್ಕಕ್ಕೆ ಹಾಕಿದ್ದರೆ ಹಳೆಯ ಗೂಡಿನ 18 ಇಂಚು ಎತ್ತರದ ತಪ್ಪು ಕಾಣುತ್ತಲೇ ಇರಲಿಲ್ಲ. ಹದಿನೆಂಟು ಇಂಚು ಅಂದರೆ ಹಕ್ಕಿಗೆ ಪೂರ್ತಿ ವೇಗ ಬರುವಷ್ಟು ಜಾಗ. ಗೂಡು ಒಂದಡಿಯೊಳಗೆ ಇರಬೇಕು, ಇಲ್ಲವೇ ಆಳು ನಿಲ್ಲುವಷ್ಟು, ಆರಡಿಗೂ ಮೇಲೆ ಇರಬೇಕು. ನಡುವಿನದು ಕೆಟ್ಟದ್ದು.

ಆರೈಕೆ: ಗಾಯದ ಹಕ್ಕಿಯನ್ನು ಕೂಡಲೇ ಬೇರೆ ಮಾಡಿ, ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ ಚಹಾದ ಬಣ್ಣಕ್ಕೆ ತಂದು ತೊಳೆದು, ಕತ್ತಲ ಮೂಲೆಯಲ್ಲಿ ರಟ್ಟಿನ ಡಬ್ಬಿಗೆ ಹಾಕಿದ್ದು. ರಕ್ತದ ಕೆಂಪು ಕಂಡರೆ ಸಾಧು ಹಕ್ಕಿಯೂ ಕುಕ್ಕುತ್ತದೆ. ಆದ್ದರಿಂದ "ಸ್ವಲ್ಪ ಗಾಯ, ಅಲ್ಲೇ ಇರಲಿ" ಅನ್ನುವಂತಿಲ್ಲ.

ಜನವರಿ 26ರಿಂದ ಫೆಬ್ರವರಿ 1. ಹೊಸ ಗೂಡು

ಉದ್ದ 8 ಅಡಿ, ಅಗಲ 2 ಅಡಿ, ಎತ್ತರ 12 ಇಂಚು. ಒಳಗೆ ಮೂರು ಮನೆ: ಒಂದನೆಯದು 3 ಅಡಿ, ಎರಡನೆಯದು 3 ಅಡಿ, ಮೂರನೆಯದು 2 ಅಡಿ. ಒಂದು ಹಕ್ಕಿಗೆ ಒಂದು ಚದರ ಅಡಿ ನೆಲ ಅನ್ನುವ ಅಳತೆಗೆ ಮೊದಲೆರಡರಲ್ಲಿ ಆರಾರು, ಕೊನೆಯದರಲ್ಲಿ ನಾಲ್ಕು ಹಿಡಿಯುತ್ತವೆ. ಹಿಡಿದಷ್ಟೂ ತುಂಬಬಾರದು, ಒಂದು ಹಕ್ಕಿಯ ಜಾಗ ಖಾಲಿ ಇರಲಿ.

ಸಾಮಾನು ಮತ್ತು ಖರ್ಚು:

ರೀಪರ್ ಪಟ್ಟಿ 2 × 1 ಇಂಚು, 80 ಅಡಿ: 1,120 ರೂ.
ಅರ್ಧ ಇಂಚಿನ ವೆಲ್ಡ್ ಜಾಳಿ, 3 ಅಡಿ ಅಗಲದ್ದು 16 ಅಡಿ: 1,056 ರೂ.
ಶಹಾಬಾದ್ ಫರ್ಸಿ (ಹಾಸುಗಲ್ಲು) 2 × 2 ಅಡಿ, ಪಾಲಿಶ್ ಇಲ್ಲದ್ದು, ನಾಲ್ಕು: 360 ರೂ.
ಸಿಮೆಂಟ್ ಬ್ಲಾಕ್ 6 ಇಂಚಿನವು, ಹತ್ತು: 380 ರೂ.
6 ಮಿ.ಮೀ. ಪ್ಲೈವುಡ್ ತುಂಡು, 2 × 1 ಅಡಿಯವು ಎರಡು: 120 ರೂ.
ಅಲ್ಯೂಮಿನಿಯಂ ಯು ಚಾನೆಲ್, 8 ಅಡಿ: 200 ರೂ.
ಹಸಿರು ಶೇಡ್ ನೆಟ್: 150 ರೂ.
ಬಿಜಾಗರಿ ಆರು, ಚಿಲಕ ಮೂರು: 210 ರೂ.
ಮೊಳೆ, ಬೈಂಡಿಂಗ್ ತಂತಿ: 140 ರೂ.
ನೀರಿನ ಡಬ್ಬಿ ಆರು, ಕಾಳಿನ ಡಬ್ಬಿ ಆರು: 510 ರೂ.
ಒಡೆದ ಗಡಿಗೆ, ಮಣ್ಣಿನ ತಟ್ಟೆ: 100 ರೂ.

ಒಟ್ಟು 4,346 ರೂ. ಇದಕ್ಕೆ ಹಾಳಾದ ಮರದ ಸ್ಟ್ಯಾಂಡಿನ 600 ಸೇರಿಸಿಕೊಳ್ಳಿ.

ಸ್ಟ್ಯಾಂಡ್ ಹಾಳಾದದ್ದು ಹೀಗೆ. ತಳಕ್ಕೆ ಜಾಳಿ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಶುಚಿ ಸುಲಭ. ಆದರೆ ದಿನವಿಡೀ ತಂತಿಯ ಮೇಲೆ ನಿಂತರೆ ಪಾದಕ್ಕೆ ಹುಣ್ಣು ಬರುತ್ತದೆ. ಅದಕ್ಕೇ ಫರ್ಸಿ. ನಮ್ಮಲ್ಲಿ ಅಗ್ಗ, ತೊಳೆದರೆ ಹೊಸದು, ಹೆಗ್ಗಣಕ್ಕೆ ಕೊರೆಯಲಾಗುವುದಿಲ್ಲ. ಆದರೆ ಒಂದು ಇಂಚು ದಪ್ಪದ 2 × 2 ಫರ್ಸಿ ಒಂದೊಂದೂ ಸುಮಾರು 25 ಕೆ.ಜಿ. ತೂಗುತ್ತದೆ, ನಾಲ್ಕಕ್ಕೆ ಒಂದು ಕ್ವಿಂಟಲ್. ಇದನ್ನು ಲೆಕ್ಕ ಹಾಕದೆ ಮರದ ಕಾಲಿನ ಮೇಲೆ ಜೋಡಿಸಿದ್ದು, ರಾತ್ರಿ ಕಳೆಯುವುದರಲ್ಲಿ ನಡು ಬಾಗಿ ಒಂದು ಫರ್ಸಿ ಬಿರುಕು ಬಿಟ್ಟಿತು. ಒಳಗೆ ಹಕ್ಕಿ ಇರಲಿಲ್ಲ ಅನ್ನುವುದೇ ಪುಣ್ಯ. ಆಮೇಲೆ ಐದು ಸಾಲು ಬ್ಲಾಕ್, ಸಾಲಿಗೆ ಒಂದರ ಮೇಲೊಂದು ಎರಡು, ಫರ್ಸಿಯ ಪ್ರತಿ ಕೂಡಿಕೆಯ ಕೆಳಗೆ ಒಂದು ಸಾಲು ಬರುವಂತೆ ಇಟ್ಟದ್ದು. ಎತ್ತರ 16 ಇಂಚು. ಬಿರುಕು ಮತ್ತು ಕೂಡಿಕೆಗೆ ಸಿಮೆಂಟ್ ಮೆತ್ತಿ ಎರಡು ದಿನ ನೀರುಣಿಸಿದ್ದು.

ಗೂಡಿಗೆ ತಳವಿಲ್ಲ. ಚೌಕಟ್ಟು ಫರ್ಸಿಯ ಮೇಲೆ ಕುಳಿತು, ನಾಲ್ಕು ಮೂಲೆಗೆ ತಂತಿಯಿಂದ ಬ್ಲಾಕಿಗೆ ಬಿಗಿದಿದೆ. ಮೇಲ್ಭಾಗ ಮನೆಗೊಂದರಂತೆ ಮೂರು ಮುಚ್ಚಳ. ಜಾಳಿಯ ಎರಡು ಇಂಚು ಕೆಳಗೆ ಶೇಡ್ ನೆಟ್ ಬಿಗಿದು ಕಟ್ಟಿದ್ದರಿಂದ ಹಕ್ಕಿಗೆ ಸಿಗುವ ಎತ್ತರ 10 ಇಂಚು. ಹಾರಿದರೆ ತಲೆ ಬಟ್ಟೆಗೆ ತಾಗಿ ವಾಪಸ್ ಬರುತ್ತದೆ. ನೆಟ್ ಸಡಿಲ ಬಿಡಬಾರದು, ಜೋಲು ಬಿದ್ದ ಕಡೆ ಉಗುರು ಸಿಕ್ಕಿಕೊಳ್ಳುತ್ತದೆ. ಜಾಳಿ ಅರ್ಧ ಇಂಚಿಗಿಂತ ದೊಡ್ಡದು ಬೇಡವೇ ಬೇಡ. ಆರು ಮೂಲೆಯ ಕೋಳಿ ಜಾಳಿಯಿಂದ ಗೌಜುಗ ತಲೆ ಹೊರಹಾಕುತ್ತದೆ, ಬೆಕ್ಕಿಗೆ ಅಷ್ಟು ಸಾಕು. ತಂತಿ ಕತ್ತರಿಸಿದ ತುದಿಗಳನ್ನೆಲ್ಲ ಪಕ್ಕಡದಿಂದ ಹೊರಗಡೆ ಮಡಚಬೇಕು.

ಗೂಡು ಇಟ್ಟಿರುವುದು ಪೂರ್ವದ ಗೋಡೆಗೆ ಒತ್ತಿ. ಬೆಳಗಿನ ಒಂದೂವರೆ ತಾಸು ಬಿಸಿಲು, ಆಮೇಲೆ ನೆರಳು.

ಫೆಬ್ರವರಿ 2ರ ತನಕ. ಅಡ್ಡಗೋಡೆಯ ಮೂರು ಪ್ರಯತ್ನ

ಮೊದಲು ಹಾಕಿದ್ದು ಜಾಳಿಯ ಅಡ್ಡಗೋಡೆ, ಗಾಳಿ ಆಡಲಿ ಅಂತ. ಅರ್ಧ ದಿನವೂ ನಿಲ್ಲಲಿಲ್ಲ. ಎರಡು ಮನೆಯ ಗಂಡುಗಳು ಜಾಳಿಗೆ ಎದೆ ಒತ್ತಿ, ಆ ಕಡೆ ಈ ಕಡೆ ಓಡುತ್ತ, ತಂತಿ ಕುಕ್ಕಿ ಒಂದರ ಕೊಕ್ಕಿನ ಬುಡದಲ್ಲಿ ರಕ್ತ ಬಂತು. ಕಾಣುವ ಎದುರಾಳಿಯನ್ನು ಮುಟ್ಟಲಾಗದ ಸಿಟ್ಟು ಬಹಳ ಸಲ ಜೊತೆಯಲ್ಲಿರುವ ಹೆಣ್ಣಿನ ಮೇಲೆ ತೀರುತ್ತದೆ.

ಎರಡನೆಯದು ಹಳೇ ಫ್ಲೆಕ್ಸ್ ಬ್ಯಾನರ್. ಊರಲ್ಲಿ ಅದಕ್ಕೇನು ಬರ. ಮಡಚಿ ಜಾಳಿಗೆ ಹೊಲಿದದ್ದು. ಎರಡನೇ ದಿನ ನೋಡಿದರೆ ಹುಟ್ಟುಹಬ್ಬದ ಶುಭಾಶಯದ ಅರ್ಧ ಅಕ್ಷರ ಇಲ್ಲ. ಹಕ್ಕಿ ಪ್ಲಾಸ್ಟಿಕ್ ಚೂರು ಹರಿದು ನುಂಗುತ್ತಿತ್ತು. ಕೂಡಲೇ ತೆಗೆದದ್ದು.

ಮೂರನೆಯದೇ ನಿಂತದ್ದು: ಪ್ಲೈವುಡ್. ಆದರೆ ಜಾಳಿ ಗೋಡೆಯನ್ನು ಎಸೆದಿಲ್ಲ. ಪ್ರತಿ ಅಡ್ಡಗೋಡೆಗೂ ಹಿಂದೆ ಮುಂದೆ ಎರಡೆರಡು ಯು ಚಾನೆಲ್ ಪಕ್ಕಪಕ್ಕ ಹೊಡೆದಿದೆ. ಒಂದು ಸಾಲಿನಲ್ಲಿ ಪ್ಲೈವುಡ್ ಇಳಿಯುತ್ತದೆ, ಇನ್ನೊಂದರಲ್ಲಿ ಜಾಳಿ. ಮಾಮೂಲು ದಿನಕ್ಕೆ ಪ್ಲೈವುಡ್, ಹಕ್ಕಿಗಳಿಗೆ ಪರಿಚಯ ಮಾಡಿಸುವಾಗ ಅದನ್ನು ಎತ್ತಿ ಜಾಳಿ ಮಾತ್ರ. ಈ 200 ರೂಪಾಯಿಯ ಚಾನೆಲ್ ಇಡೀ ಗೂಡಿನಲ್ಲಿ ಅತಿ ಹೆಚ್ಚು ದುಡಿದ ಭಾಗ.

ಫೆಬ್ರವರಿ 2, ಸಂಜೆ. ಗುಂಪು ಹಂಚಿದ್ದು

ಯಾವ ಗಂಡು ಇಟ್ಟುಕೊಳ್ಳಬೇಕು? ದೊಡ್ಡದು, ಜೋರಾಗಿ ಕೂಗುವುದು ಅಂತ ಆರಿಸುವುದು ರೂಢಿ. ಅದು ತಪ್ಪು. ಪ್ರತಿ ಗಂಡನ್ನೂ ಎರಡು ಹೆಣ್ಣಿನ ಜೊತೆ ಖಾಲಿ ಮನೆಯಲ್ಲಿ ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ದು. ಒಳ್ಳೆಯದು ಒಂದೆರಡು ಸಲ ಹತ್ತಿ ಇಳಿದು, ಕಾಳು ಕೆದಕುತ್ತ ಮೆತ್ತಗೆ ಕರೆದು ಹೆಣ್ಣನ್ನು ತಿನ್ನಲು ಬಿಡುತ್ತದೆ. ಕೆಟ್ಟದ್ದು ಇಳಿದ ಮೇಲೂ ನೆತ್ತಿಯ ಗರಿ ಕಚ್ಚಿ ಹಿಡಿದು ಎಳೆಯುತ್ತಲೇ ಇರುತ್ತದೆ. 142 ಗ್ರಾಂ ತೂಕದ ಸಣ್ಣ ಕಂದು ಗಂಡು ಮತ್ತು ಒಂದು ಬಿಳಿ ಗಂಡು ಪಾಸಾದವು.

ಮನೆ ಒಂದು: ಕಂದು ಗಂಡು, ನಾಲ್ಕು ಹೆಣ್ಣು.
ಮನೆ ಎರಡು: ಬಿಳಿ ಗಂಡು, ಮೂರು ಹೆಣ್ಣು.
ಮನೆ ಮೂರು: ಉಳಿದ ಮೂರು ಗಂಡು.

ಎಲ್ಲಕ್ಕೂ ಕಾಲಿಗೆ ಬಣ್ಣದ ರಿಂಗ್, 8 ಮಿ.ಮೀ. ಒಳ ಅಳತೆಯದು. ರಿಂಗ್ ಇಲ್ಲದೆ "ಆ ಹಕ್ಕಿ ಈ ಹಕ್ಕಿ" ಅಂತ ನೆನಪಿಟ್ಟುಕೊಳ್ಳುವುದು ಆಗದ ಮಾತು. ತಿಂಗಳಿಗೊಮ್ಮೆ ರಿಂಗ್ ಸಡಿಲವಾಗಿ ತಿರುಗುತ್ತದೆಯೇ ನೋಡಬೇಕು.

ಒಳಗಿನ ಸಾಮಾನು: ಬಡಿಗೇರ ಅಂಗಡಿಯ ರಂದಾ ಸಿಪ್ಪೆ ಎರಡು ಇಂಚು. ಗರಗಸದ ನುಣುಪು ಹೊಟ್ಟು ಬೇಡ, ಮೂಗಿಗೆ ಹೋಗುತ್ತದೆ. ತೊಗರಿ ಹೊಟ್ಟು ಹಾಕಿ ನೋಡಿದ್ದಾಯಿತು, ತೇವ ಬಿದ್ದ ಮೂರೇ ದಿನಕ್ಕೆ ಬೂಷ್ಟು. ಅದೂ ಅಲ್ಲದೆ ಅದು ದನದ ಬಾಯಿಗೆ ಹೋಗಬೇಕಾದದ್ದು. ಮಣ್ಣು ಮೀಯಲು ಮನೆಗೆ ಎರಡು ತಟ್ಟೆ, ಮೂರು ಪಾಲು ಜರಡಿ ಹಿಡಿದ ಉಸುಕು, ಒಂದು ಪಾಲು ಒಲೆಯ ಬೂದಿ, ಮೂರು ಇಂಚು ಆಳ. ಒಂದೇ ತಟ್ಟೆ ಇಟ್ಟರೆ ಅದಕ್ಕೂ ಜಗಳ. ಕಾಳು, ನೀರು ಕೂಡ ಮನೆಗೆ ಎರಡೆರಡು, ಎದುರುಬದುರು ತುದಿಗೆ. ಒಂದು ಹಕ್ಕಿ ಎರಡು ಕಡೆ ಕಾವಲು ಕೂರಲಾರದು.

ಆಹಾರ ಹಕ್ಕಿಗೆ ದಿನಕ್ಕೆ 20ರಿಂದ 25 ಗ್ರಾಂ, ಹನ್ನೆರಡಕ್ಕೆ ತಿಂಗಳಿಗೆ ಸುಮಾರು 7ರಿಂದ 9 ಕೆ.ಜಿ. ಮೊಟ್ಟೆ ಕೋಳಿಯ ಹಿಟ್ಟಿನಲ್ಲಿ ಪ್ರೋಟೀನ್ ಸಾಲದು. ಚೀಲದ ಮೇಲೆ ಬರೆದ ಅಂಕಿ ನೋಡಿ 20ಕ್ಕಿಂತ ಹೆಚ್ಚಿರುವ ಬ್ರಾಯ್ಲರ್ ಸ್ಟಾರ್ಟರ್ ಕೊಡುವುದು, ಹೆಣ್ಣುಗಳಿಗೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ. ಬರೀ ಜೋಳ, ಸಜ್ಜೆ, ನುಚ್ಚಿನ ಮೇಲೆ ಇಟ್ಟ ಹಕ್ಕಿ ಪಕ್ಕದ ಹಕ್ಕಿಯ ಗರಿ ಕಿತ್ತು ತಿನ್ನಲು ಶುರು ಮಾಡುತ್ತದೆ. ಅದು ಜಗಳವಲ್ಲ, ಹಸಿವು.

ಫೆಬ್ರವರಿ 5. ಅಡಗುತಾಣದ ತಪ್ಪುಗಳು

ಒಂದನೇ ಮನೆಯಲ್ಲಿ ಹಳದಿ ರಿಂಗಿನ ಹೆಣ್ಣು ಇನ್ನೊಂದನ್ನು ಅಟ್ಟುತ್ತಿತ್ತು. ಬಚ್ಚಿಟ್ಟುಕೊಳ್ಳಲಿ ಅಂತ ಸಣ್ಣ ಗಡಿಗೆ ಅಡ್ಡ ಮಲಗಿಸಿದ್ದು. ಅರ್ಧ ತಾಸಿನಲ್ಲಿ ಅದೇ ಬಲೆಯಾಯಿತು. ಪೆಟ್ಟು ತಿನ್ನುವ ಹಕ್ಕಿ ಒಳಗೆ ನುಗ್ಗಿತು, ಹೊಡೆಯುವುದು ಬಾಯಲ್ಲಿ ನಿಂತು ಕುಕ್ಕಿತು. ಒಂದೇ ಬಾಗಿಲಿನ ಅಡಗುತಾಣ ಇಡಲೇಬಾರದು. ಗಡಿಗೆಯನ್ನು ಉದ್ದಕ್ಕೆ ಸೀಳಿ ಅರ್ಧ ಹೋಳು ಬೋರಲು ಹಾಕಿ, ಎರಡು ಕಡೆ ಬಾಯಿ ಇರುವಂತೆ ಮಾಡಿದ ಮೇಲೆ ಸರಿಹೋಯಿತು.

ಇನ್ನೊಂದು, ತೊಗರಿ ಕಟ್ಟಿಗೆ. ರಾಶಿ ಮುಗಿದ ಕಾಲ, ಹೊಲದಲ್ಲಿ ಕೇಳಿದರೆ ಹೊರೆಗಟ್ಟಲೆ ಕೊಡುತ್ತಾರೆ. ಮನೆಯ ನಡುವೆ ಕಟ್ಟು ಕಟ್ಟಿ ಅಡ್ಡ ಇಟ್ಟರೆ ಈ ತುದಿಯ ಹಕ್ಕಿಗೆ ಆ ತುದಿಯದು ಕಾಣುವುದಿಲ್ಲ. ಕಾಣದಿದ್ದರೆ ಅರ್ಧ ಜಗಳ ಇಲ್ಲ. ಆದರೆ ಕಾಯಿಕೊರಕಕ್ಕೆ ತೊಗರಿಗೆ ಹೊಡೆಯುವ ಔಷಧ ಕಡಿಮೆಯಲ್ಲ, ಕಟ್ಟಿಗೆಯನ್ನು ತೊಳೆದು ಹತ್ತು ದಿನ ಬಿಸಿಲಿಗೆ ಹಾಕದೆ ಒಳಗಿಡಬೇಡಿ. ಕೊಯ್ದ ತುದಿ ಸೂಜಿಯಂತೆ ಓರೆಯಾಗಿರುತ್ತದೆ. ಮೊದಲ ಕಟ್ಟನ್ನು ಹಾಗೇ ಇಟ್ಟದ್ದರಿಂದ ಒಂದು ಹೆಣ್ಣಿನ ಎಡಗಣ್ಣಿನ ರೆಪ್ಪೆ ಗೀರಿತು. ತುದಿಗಳನ್ನು ಅರದಿಂದ ಉಜ್ಜಿ, ಸುತ್ತಳಿಯಿಂದ ಸುತ್ತಿದ ಮೇಲೆ ತೊಂದರೆಯಿಲ್ಲ.

ಹಳದಿ ರಿಂಗಿನ ಹೆಣ್ಣಿಗೆ ಕೊಟ್ಟ ಮದ್ದು: ಪೆಟ್ಟು ತಿಂದದ್ದನ್ನಲ್ಲ, ಹೊಡೆದದ್ದನ್ನೇ ಹೊರಹಾಕಿದ್ದು. ಆರು ದಿನ ಬೇರೆ ಗೂಡು, ಕಣ್ಣಿಗೆ ಕಾಣದ ಕಡೆ. ವಾಪಸ್ ಬಿಟ್ಟಾಗ ಉಳಿದವು ತಮ್ಮ ತಮ್ಮ ಜಾಗ ಹಿಡಿದಿದ್ದವು, ಇದೇ ಹೊಸಬಳಾಗಿತ್ತು. ಎರಡು ದಿನ ತಾನೇ ಕುಕ್ಕಿಸಿಕೊಂಡು ಸುಮ್ಮನಾಯಿತು. ಪೆಟ್ಟು ತಿಂದದ್ದನ್ನು ಹೊರಗಿಟ್ಟಿದ್ದರೆ ಅದು ಮರಳುವಾಗ ಇನ್ನೂ ಕೆಳಗಿಳಿಯುತ್ತಿತ್ತು.

ಫೆಬ್ರವರಿ 11. ಮೂರು ಗಂಡಿನ ಮನೆ ಒಡೆದದ್ದು

ಒಂಬತ್ತು ದಿನ ತಣ್ಣಗಿದ್ದವು. ಹತ್ತನೇ ಬೆಳಿಗ್ಗೆ ಒಂದು ಗಂಡು ಮೂಲೆಯಲ್ಲಿ, ನೆತ್ತಿಯ ಚರ್ಮ ಒಂದು ರೂಪಾಯಿ ನಾಣ್ಯದಷ್ಟು ಕಿತ್ತು ಬಂದಿತ್ತು.

ಕಾರಣ ಎರಡು ಸಿಕ್ಕವು. ಒಂದು, ಪಡಸಾಲೆಯ ಎಲ್‌ಇಡಿ ಟ್ಯೂಬು ರಾತ್ರಿ ಹನ್ನೊಂದರ ತನಕ ಉರಿಯುತ್ತಿತ್ತು, ಬೆಳಕು ನೇರ ಮೂರನೇ ಮನೆಗೆ. ಹಗಲು ಹನ್ನೊಂದು ತಾಸಿನ ಚಳಿಗಾಲದಲ್ಲೂ ಹಕ್ಕಿಗೆ ಹದಿನಾರು ತಾಸು ಬೆಳಕು. ಬೆಳಕಿನ ತಾಸು ಹೆಚ್ಚಿದಷ್ಟೂ ಗಂಡಿನ ಮದ ಹೆಚ್ಚುತ್ತದೆ. ಹೆಣ್ಣು ಮೊಟ್ಟೆ ಇಡಲು 14 ತಾಸು ಬೇಕು, ಆದರೆ ಬರೀ ಗಂಡುಗಳ ಮನೆಗೆ ಒಂಬತ್ತು ಹತ್ತು ತಾಸೇ ಸಾಕು. ಎರಡು, ಪ್ಲೈವುಡ್ ಕಣ್ಣು ಮುಚ್ಚಿತ್ತೇ ಹೊರತು ಕಿವಿಯನ್ನಲ್ಲ, ಪಕ್ಕದಲ್ಲೇ ಹೆಣ್ಣುಗಳ ದನಿ.

ಮಾಡಿದ್ದು: ಮೂರನೇ ಮನೆಗೆ ಎರಡು ಪದರ ಗೋಣಿ ತಟ್ಟಿನ ಪರದೆ, ಸಂಜೆ ಐದೂವರೆಗೆ ಇಳಿಸಿ ಬೆಳಿಗ್ಗೆ ಏಳೂವರೆಗೆ ಎತ್ತುವುದು. ಪರದೆ ಮುಂದೆ ಮಾತ್ರ, ಮೇಲೆ ಗಾಳಿಗೆ ತೆರೆದಿರಬೇಕು. ಹೊಡೆಯುತ್ತಿದ್ದ ಗಂಡನ್ನು ಹೆಣ್ಣು ಹೆಚ್ಚಿದ್ದವರೊಬ್ಬರಿಗೆ ಕೊಟ್ಟದ್ದು. ಗಾಯದ ಗಂಡು ಮೂರು ವಾರ ಬೇರೆ ಇದ್ದು, ಉಳಿದ ಒಂದರ ಜೊತೆ ಸೇರಿತು. ಎರಡೇ ಎರಡು, ಕತ್ತಲು ಹೆಚ್ಚು, ಈಗ ಸರಿ ಇವೆ. ಗಂಡುಗಳ ಗುಂಪು ಎಲ್ಲ ಕಡೆ ನಡೆಯುತ್ತದೆ ಅಂತ ಇದರಿಂದ ತಿಳಿಯಬೇಡಿ. ಮಿಕ್ಕ ಗಂಡಿಗೆ ಮೊದಲೇ ದಾರಿ ಯೋಚಿಸಿಟ್ಟುಕೊಂಡು ಹಕ್ಕಿ ತನ್ನಿ. ಕೊಡುತ್ತೀರೋ, ಬೇರೆ ಗೂಡು ಕಟ್ಟುತ್ತೀರೋ, ಸಾರು ಮಾಡುತ್ತೀರೋ, ನಿಮಗೆ ಬಿಟ್ಟದ್ದು.

ಫೆಬ್ರವರಿ 20ರಿಂದ 24. ಅತಿ ದೊಡ್ಡ ತಪ್ಪು

ಎರಡನೇ ಮನೆಯ ಒಂದು ಹೆಣ್ಣು ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿ ಸತ್ತಿತು. ಉಳಿದದ್ದು ಒಂದು ಗಂಡಿಗೆ ಎರಡು ಹೆಣ್ಣು. ನಾಲ್ಕೇ ದಿನದಲ್ಲಿ ಎರಡರ ಹಿಂದಲೆಯೂ ಬೋಳಾಗತೊಡಗಿತು. ಅವಸರದಲ್ಲಿ 22ರಂದು ಒಂದು ಹೆಣ್ಣು ತಂದು, ಎರಡು ದಿನ ಜಾಳಿಯ ಆಚೆ ಇಟ್ಟು, 24ರ ಬೆಳಿಗ್ಗೆ ಒಳಗೆ ಬಿಟ್ಟದ್ದು. ಇಪ್ಪತ್ತು ನಿಮಿಷ. ಹಳೆಯ ಎರಡು ಹೆಣ್ಣೇ ಹಿಡಿದು ಕುಕ್ಕಿ ನೆತ್ತಿ ಬಿಚ್ಚಿದವು, ಗಂಡಲ್ಲ.

ಒಂದೇ ದಿನದಲ್ಲಿ ಐದು ತಪ್ಪು. ಒಂಟಿ ಹಕ್ಕಿ ತಂದದ್ದು. ಹೊಸ ಹಕ್ಕಿಯನ್ನು 21 ದಿನ ಬೇರೆ ಕೋಣೆಯಲ್ಲಿ, ಬೇರೆ ಪಾತ್ರೆಯಲ್ಲಿ ಇಟ್ಟು ರೋಗ ನೋಡದೇ ಇದ್ದದ್ದು. ಎರಡೇ ದಿನದ ಪರಿಚಯ. ಬೆಳಿಗ್ಗೆ ಬಿಟ್ಟದ್ದು, ಅಂದರೆ ಜಗಳಕ್ಕೆ ಇಡೀ ಹಗಲು ಕೊಟ್ಟಂತೆ. ಎಲ್ಲಕ್ಕಿಂತ ಮುಖ್ಯ, ಹಳೆಯವುಗಳ ಸ್ವಂತ ಮನೆಗೇ ಬಿಟ್ಟದ್ದು. ಇದ್ದ ಗುಂಪಿಗೆ ಹಕ್ಕಿ ಸೇರಿಸಲು ಹೋಗಬಾರದು. ಹಳೆಯ ಗುಂಪನ್ನೂ ಎಬ್ಬಿಸಿ, ಎಲ್ಲಕ್ಕೂ ಹೊಸದಾದ ಜಾಗದಲ್ಲಿ ಗುಂಪನ್ನೇ ಮತ್ತೆ ಕಟ್ಟಬೇಕು.

ಮಾರ್ಚ್ 1ರಿಂದ ಏಪ್ರಿಲ್ 3. ಮತ್ತೆ ಕಟ್ಟಿದ್ದು

ಈ ಸಲದ ಕ್ರಮ:

1. ಮಾರ್ಚ್ 1: ಇನ್ನೊಂದು ಹೆಣ್ಣು ತಂದದ್ದು, ತೂಕ 170 ಗ್ರಾಂ. ಹಳೆಯವು 165ರಿಂದ 190ರ ನಡುವೆ. ತೂಕದಲ್ಲಿ ತೀರ ಸಣ್ಣದು ಬೇಡ. 21 ದಿನ ಬೇರೆ ಕೋಣೆ. ಹಿಕ್ಕೆ, ಕಣ್ಣು, ಮೂಗು ದಿನಾ ನೋಡಿದ್ದು. ಕೆಲಸ ಯಾವಾಗಲೂ ಹಳೆಯ ಹಕ್ಕಿಯದು ಮೊದಲು, ಹೊಸದರದ್ದು ಆಮೇಲೆ, ಕೈ ತೊಳೆದು.

2. ಮಾರ್ಚ್ 22: ಆ ಹೆಣ್ಣನ್ನೂ, ಅಷ್ಟರಲ್ಲಿ ನೆತ್ತಿ ಮಾಯ್ದು ಗರಿ ಮೊಳೆತಿದ್ದ ಗಾಯದ ಹೆಣ್ಣನ್ನೂ ಇಬ್ಬರಿಗೂ ಹೊಸದಾದ ಡಬ್ಬಿಯಲ್ಲಿ ಜೋಡಿ ಮಾಡಿದ್ದು. ಜೊತೆಗೊಂದು ಇದ್ದರೆ ಪೆಟ್ಟು ಹಂಚಿಹೋಗುತ್ತದೆ.

3. ಮಾರ್ಚ್ 24: ಎರಡನೇ ಮನೆಯನ್ನು ಜಾಳಿಯಿಂದ ಎರಡು ಪಾಲು ಮಾಡಿ, ಜೋಡಿ ಒಂದು ಕಡೆ, ಹಳೆಯ ಮೂರು ಇನ್ನೊಂದು ಕಡೆ. ಇಲ್ಲಿ ಜಾಳಿ ಗೋಡೆ ನಡೆಯುತ್ತದೆ, ಆ ಕಡೆ ಗಂಡಿಲ್ಲ. ಕಾಳಿನ ಡಬ್ಬಿಗಳನ್ನು ಜಾಳಿಗೆ ತಾಗಿಸಿ ಇಟ್ಟದ್ದು, ಎರಡೂ ಗುಂಪು ಎದುರುಬದುರು ತಿನ್ನಲಿ ಅಂತ. ಮೊದಲ ಮೂರು ದಿನ ಜಾಳಿ ಕುಕ್ಕಿದವು. ಏಳನೇ ದಿನಕ್ಕೆ ಜಾಳಿಯ ಎರಡು ಬದಿ ಒತ್ತಿ ಮಲಗಿದ್ದವು. ಇದೇ ಗುರುತು. ದಿನ ಎಣಿಸುವುದಕ್ಕಿಂತ ಇದನ್ನು ಕಾಯಿರಿ.

4. ಏಪ್ರಿಲ್ 3, ಮಧ್ಯಾಹ್ನ: ಎಲ್ಲವನ್ನೂ ಹೊರತೆಗೆದು ಮನೆ ಖಾಲಿ. ಸಿಪ್ಪೆ ಪೂರ್ತಿ ಹೊಸದು, ಫರ್ಸಿ ತೊಳೆದು ಒಣಗಿಸಿ, ಗಡಿಗೆ, ಕಟ್ಟಿಗೆ, ನೀರು, ಕಾಳು ಎಲ್ಲದರ ಜಾಗ ಅದಲು ಬದಲು.

5. ಸಂಜೆ ಆರೂವರೆ, ಮಬ್ಬುಗತ್ತಲು: ಮೊದಲು ಹೊಸ ಜೋಡಿ, ಹತ್ತು ನಿಮಿಷ ಬಿಟ್ಟು ಹಳೆಯ ಎರಡು ಹೆಣ್ಣು. ಗಂಡು ಅಂದು ಬೇಡ. ಕಾಳು ನೆಲಕ್ಕೇ ಚೆಲ್ಲಿದ್ದು, ಕೊತ್ತಂಬರಿ ಸೊಪ್ಪಿನ ಎರಡು ಕಟ್ಟು ಎರಡು ಕಡೆ ತೂಗುಬಿಟ್ಟದ್ದು. ಬಾಯಿಗೆ ಕೆಲಸವಿದ್ದರೆ ಕುಕ್ಕುವುದು ಕಡಿಮೆ.

6. ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಎರಡು ತಾಸು ಕಾವಲು. ಬೆಳಕಾಗುವ ಹೊತ್ತೇ ಅಪಾಯದ್ದು. ನಾಲ್ಕನೇ ದಿನ ಗಂಡನ್ನು ಬಿಟ್ಟದ್ದು.

ಕಾವಲಿನಲ್ಲಿ ಏನು ನೋಡಬೇಕು: ಒಂದು ಕುಕ್ಕು, ಆ ಹಕ್ಕಿ ಸರಿಯಿತು, ಮುಗಿಯಿತು. ಇದು ಮಾಮೂಲು, ಕೈ ಹಾಕಬೇಡಿ. ಸರಿದ ಮೇಲೂ ಬೆನ್ನಟ್ಟಿ ಹೋಗುವುದು, ಮೂಲೆಗೆ ಒತ್ತಿ ಹಿಂದಲೆ ಕಚ್ಚಿ ಹಿಡಿಯುವುದು, ಒಂದು ಹಕ್ಕಿ ಗಂಟೆಗಟ್ಟಲೆ ಗಡಿಗೆಯಡಿಯಿಂದ ಹೊರಬರದೇ ಇರುವುದು, ಇವು ಕೆಟ್ಟ ಗುರುತು. ರಕ್ತ ಕಂಡರೆ ಯೋಚನೆಯೇ ಬೇಡ, ಬೇರೆ ಮಾಡಿ.

ಈ ಸಲ ರಕ್ತವಿಲ್ಲ. ಮೊದಲ ಐದು ದಿನ ಮೊಟ್ಟೆ ನಿಂತಿತು, ಆಮೇಲೆ ಶುರುವಾಯಿತು.

ಏಪ್ರಿಲ್ 18. ಬಿಸಿಲು

ಹೊರಗೆ 42 ಡಿಗ್ರಿ. ಗೌಜುಗ 35 ದಾಟಿದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ರೆಕ್ಕೆ ಅಗಲಿಸಿ ನಿಲ್ಲುತ್ತದೆ. ಹೊಂದಿಕೊಂಡಿದ್ದ ಒಂದನೇ ಮನೆಯಲ್ಲಿ ಜಗಳ ಮತ್ತೆ ಬಂತು. ನೋಡಿದರೆ ಐದೂ ಹಕ್ಕಿ ಗೋಡೆಯ ಕಡೆಯ ಒಂದೇ ತಂಪು ಮೂಲೆಗೆ ನುಗ್ಗುತ್ತಿದ್ದವು. ಆರು ಚದರ ಅಡಿ ಇದ್ದರೂ ಬಳಕೆಗೆ ಉಳಿದದ್ದು ಒಂದೂವರೆ.

ಪರಿಹಾರ, ತಂಪನ್ನೂ ಹಂಚುವುದು. ಗೂಡಿನ ಮುಂದೆ ಗೋಣಿ ತಟ್ಟು ಕಟ್ಟಿ ಹನ್ನೊಂದು, ಒಂದು, ಮೂರು ಗಂಟೆಗೆ ನೀರು ಚಿಮುಕಿಸುವುದು. ಗೂಡಿನಿಂದ ಅರ್ಧ ಅಡಿ ದೂರ ಕಟ್ಟಿದರೆ ಗಾಳಿಯೂ ಆಡುತ್ತದೆ, ಸಿಪ್ಪೆಯೂ ನೆನೆಯುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯ ನೀರು ಮಧ್ಯಾಹ್ನಕ್ಕೆ ಕುದಿಯುವ ಹಾಗೆ ಕಾಯುತ್ತದೆ. ಅದರ ಬದಲು ಮಣ್ಣಿನ ತಟ್ಟೆ, ಮನೆಗೆ ಎರಡು, ಒಂದು ಗಂಟೆಗೆ ಮತ್ತೆ ತುಂಬುವುದು. ಎರಡೂ ತುದಿಗೆ ಒದ್ದೆ ಉಸುಕಿನ ತಟ್ಟೆ ಒಂದೊಂದು. ಕಾಳು ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಮಾತ್ರ. ಫರ್ಸಿಯ ಮೇಲೆ ಒಮ್ಮೆ ಮಧ್ಯಾಹ್ನದ ಬಿಸಿಲು ಬಿದ್ದರೆ ರಾತ್ರಿ ಹತ್ತರ ತನಕ ಕಾವಲಿಯಂತೆ ಕಾವು ಬಿಡುತ್ತದೆ, ಆದ್ದರಿಂದ ನೆರಳು ಗೂಡಿಗೆ ಮಾತ್ರವಲ್ಲ, ತಳಕ್ಕೂ ಬೀಳಬೇಕು. ಎಂಟು ಹೆಣ್ಣಿನಿಂದ ದಿನಕ್ಕೆ ಆರೇಳು ಬರುತ್ತಿದ್ದ ಮೊಟ್ಟೆ ಈ ದಿನಗಳಲ್ಲಿ ಮೂರು ನಾಲ್ಕಕ್ಕೆ ಇಳಿಯಿತು, ಮೊಟ್ಟೆಯ ಚಿಪ್ಪೂ ತೆಳು.

ರಾತ್ರಿ ಕರೆಂಟ್ ಹೋಗಿ ಬಂದಾಗ ಟ್ಯೂಬು ಝಗ್ಗನೆ ಹತ್ತಿದರೆ ಎಲ್ಲ ಒಮ್ಮೆಲೇ ಮೇಲೆ ಹಾರುತ್ತವೆ. ಆ ಟ್ಯೂಬಿನ ಸ್ವಿಚ್ ಮಲಗುವ ಮುಂಚೆ ಆರಿಸುವುದು ಈಗ ನಿಯಮ.

ಮೇ 20. ಈಗಿನ ಸ್ಥಿತಿ

ಮನೆ ಒಂದರಲ್ಲಿ ಒಂದು ಗಂಡು ನಾಲ್ಕು ಹೆಣ್ಣು, ಎರಡರಲ್ಲೂ ಅಷ್ಟೇ, ಮೂರರಲ್ಲಿ ಎರಡು ಗಂಡು. ಗಾಯ ಇಲ್ಲ. ಒಂದನೇ ಮನೆಯ ನೀಲಿ ರಿಂಗಿನ ಹೆಣ್ಣಿನ ಹಿಂದಲೆ ಮಾತ್ರ ಇನ್ನೂ ಬೋಳು. ಕಂದು ಗಂಡಿಗೆ ಅದೊಂದರ ಮೇಲೇ ಕಣ್ಣು. ಹದಿನೈದು ದಿನ ಗಂಡನ್ನು ಮೂರನೇ ಮನೆಯ ಪಕ್ಕದ ಸಣ್ಣ ಗೂಡಿಗೆ ಒಂಟಿಯಾಗಿ ಹಾಕಿ ಗರಿ ಬರುತ್ತದೆಯೇ ನೋಡಬೇಕು. ಮೂರನೇ ಮನೆಯೊಳಕ್ಕೆ ಮಾತ್ರ ಹಾಕಬಾರದು, ಅಲ್ಲಿರುವ ಎರಡರ ಹೊಂದಾಣಿಕೆ ಕೆಡುತ್ತದೆ.

ಕೇಳುವವರಿಗೆ ಇನ್ನೊಂದು. ಕೋಳಿಯ ಜೊತೆ ಇಡಬಹುದೇ ಅಂದರೆ ಬೇಡ. ಕೋಳಿಯ ನೆಗಡಿ ರೋಗ ಇವಕ್ಕೆ ಅಂಟುತ್ತದೆ, ಒಂದು ಕುಕ್ಕಿಗೆ ತಲೆಬುರುಡೆ ಒಡೆಯುತ್ತದೆ. ಬಟನ್ ಕ್ವೇಲ್ ಅಂತ ಮಾರುವ ಅಂಗೈಯಷ್ಟಿಲ್ಲದ ಹಕ್ಕಿಯ ಜೊತೆಗೂ ಬೇಡ, ಅಲ್ಲಿ ಕುಕ್ಕುವುದು ನಮ್ಮ ಗೌಜುಗವೇ.

ಮಳೆಗಾಲಕ್ಕೆ ಬಾಕಿ ಕೆಲಸ: ಮುಚ್ಚಳದ ಮೇಲೆ ಪತ್ರಾ, ಹಿಂದೆ ಒಂದಡಿ ಇಳಿಜಾರು. ಹನಿ ಬಡಿಯುವ ಸದ್ದಿಗೆ ಹಾರದಂತೆ ಪತ್ರಾದ ಕೆಳಗೆ ಒಂದು ಪದರ ಥರ್ಮಾಕೋಲ್ ಹಾಕಬೇಕು, ಕೊಕ್ಕಿಗೆ ಸಿಗದ ಕಡೆ.